ಜೌಗಿನ ದಡ

ಮಂಡ್ಯ ಜಿಲ್ಲೆಯ ಸಿಂಧಘಟ್ಟದಿಂದ ಬಂದು ತಿಂಗಳುಗಳೇ ಆದವು. ಹೋದದ್ದು ಹೊಯ್ಸಳರ ಕಾಲದ ಲಕ್ಷ್ಮೀನಾರಾಯಣ ಗುಡಿ ನೋಡಲಿಕ್ಕೆ. ನೋಡಿಯೂ ಆಯಿತು, ಫೋಟೋಗಳೂ ಫೋನಿನಲ್ಲಿವೆ. ಆದರೆ ಆ ಊರಿನ ಕೆರೆ ಏರಿಯ ಮೇಲೆ ರೈತರೊಬ್ಬರು ಕೇಳಿದ ಪ್ರಶ್ನೆ ಮಾತ್ರ ಹಲ್ಲುಸಂದಿಗೆ ಸಿಕ್ಕ ಅಡಿಕೆ ಚೂರಿನಂತೆ ಇನ್ನೂ ಕಾಡುತ್ತಿದೆ.

ಮಾಘದ ಬಿಸಿಲು. ಏರಿಯ ಕೆಳಗೆ ಗದ್ದೆ, ಕಬ್ಬು, ತೆಂಗು. ಅದರಾಚೆಯ ಹೊಲಗಳಲ್ಲಿ ಕೊಯ್ದ ರಾಗಿಯ ಕೂಳೆ. ಸ್ಕೂಟರಿನ ಮುಂದೆ ಯೂರಿಯಾ ಚೀಲ ಇಟ್ಟುಕೊಂಡು ಬರುತ್ತಿದ್ದವರು ಹೊಸ ಮುಖ ಕಂಡು ನಿಂತರು. ಯಾವೂರು, ಯಾರ ಮನೆಗೆ ಬಂದಿರಿ ಎಂಬುದೆಲ್ಲ ಮುಗಿಯಿತು. ಮಣ್ಣು, ಮರ ಅಂತ ಏನೇನೋ ಬರೆಯುವವನು ಎಂದು ತಿಳಿದದ್ದೇ ಚೀಲದ ಮೇಲೆ ಅಂಗೈ ತಟ್ಟಿ ಕೇಳಿದರು: "ಮೂರು ಮೂಟೆ ಎರಚಿದ್ರೆ ಒಂದು ಮೂಟೆಯಷ್ಟು ಪೈರಿಗೆ ಹತ್ತುತ್ತೆ ಅಂತಾರಲ್ಲ ಸಾ, ಮಿಕ್ಕಿದ್ದು ಎಲ್ಲೋಯ್ತದೆ?"

ಲೆಕ್ಕ ಹೆಚ್ಚುಕಡಿಮೆ ಸರಿಯೇ. 45 ಕಿಲೋ ಯೂರಿಯಾ ಚೀಲದಲ್ಲಿ ಸಾರಜನಕ ಇಪ್ಪತ್ತು ಕಿಲೋ ಚಿಲ್ಲರೆ. ಭತ್ತದ ಗದ್ದೆಗೆ ಹಾಕಿದ್ದರಲ್ಲಿ ಪೈರಿಗೆ ದಕ್ಕುವುದು ಸಾಮಾನ್ಯವಾಗಿ ಶೇಕಡ 30ರಿಂದ 40. ಒಂದಷ್ಟು ಅಮೋನಿಯಾ ಆಗಿ ಬಿಸಿಲಿಗೇ ಹಾರುತ್ತದೆ. ಒಂದಷ್ಟು ನೀರಿನೊಂದಿಗೆ ಇಳಿಯುತ್ತದೆ. ಇನ್ನೊಂದು ದಾರಿ ಮಾತ್ರ ಸ್ವಲ್ಪ ವಿಚಿತ್ರ. ನೀರು ನಿಂತ ಗದ್ದೆಯ ಕೆಸರಿನಲ್ಲಿ ಗಾಳಿ ಆಡುವುದು ಮೇಲಿನ ತೆಳುವಾದ ಪದರದಲ್ಲಿ ಮಾತ್ರ. ಅಲ್ಲಿ ಬ್ಯಾಕ್ಟೀರಿಯಾಗಳು ಗೊಬ್ಬರದ ಅಮೋನಿಯಂ ಅನ್ನು ನೈಟ್ರೇಟ್ ಮಾಡುತ್ತವೆ. ಆ ನೈಟ್ರೇಟ್ ಗಾಳಿಯಿಲ್ಲದ ಕೆಳಪದರಕ್ಕೆ ಇಳಿದರೆ ಅಲ್ಲಿ ಬೇರೆ ಬ್ಯಾಕ್ಟೀರಿಯಾಗಳ ರಾಜ್ಯ. ಉಸಿರಿಗೆ ಆಮ್ಲಜನಕ ಸಿಗದೆ ಅವು ನೈಟ್ರೇಟಿನೊಳಗಿನ ಆಮ್ಲಜನಕವನ್ನೇ ಕಿತ್ತುಕೊಳ್ಳುತ್ತವೆ. ಉಳಿದ ಸಾರಜನಕ ಅನಿಲವಾಗಿ ಗುಳ್ಳೆಯೆದ್ದು ಹೋಗುತ್ತದೆ. ಗಾಳಿಯಲ್ಲಿ ಶೇಕಡ 78 ಇರುವುದು ಇದೇ. 1909ರಲ್ಲಿ ಫ್ರಿಟ್ಸ್ ಹೇಬರ್ ಗಾಳಿಯ ಸಾರಜನಕವನ್ನು ಅಮೋನಿಯಾ ಮಾಡಿ ತೋರಿಸಿದ ಮೇಲೆ ಕಾರ್ಖಾನೆಗಳು ಭಾರೀ ಒತ್ತಡ, ಭಾರೀ ಶಾಖ ಸುರಿದು ಹಿಡಿಯುತ್ತಿರುವುದೂ ಇದನ್ನೇ.

ಇಷ್ಟನ್ನೂ ಅವರು ತಾಳ್ಮೆಯಿಂದ ಕೇಳಿದರು. "ಅಂದ್ರೆ ಗಾಳಿಯಿಂದ ದುಡ್ಡು ಕೊಟ್ಟು ತಂದು ಗಾಳಿಗೇ ಬುಟ್ವಿ ಅನ್ನಿ," ಎಂದು ಸ್ಕೂಟರ್ ಒದ್ದರು. ನಾಲ್ಕು ಹೆಜ್ಜೆ ಹೋದವರು ತಿರುಗಿ, ಊಟದ ಹೊತ್ತಾಯಿತು ಬನ್ನಿ ಎಂದು ಕರೆದರು.

ಮುದ್ದೆ, ಅವರೆಕಾಳಿನ ಸಾರು. ಸೊನೆ ಆರದ ಅವರೆ, ಹಿತುಕಿದ್ದು. ಅದರ ಪರಿಮಳ ಬಾಗಿಲಲ್ಲೇ ತಡೆಯುತ್ತಿತ್ತು. ನಮ್ಮ ತೀರ್ಥಹಳ್ಳಿ ಸೀಮೆಯ ಅನ್ನದ ಹೊಟ್ಟೆಗೆ ಮುದ್ದೆ ಭಾರ ಎನ್ನುವುದು ಹಳೆಯ ತಮಾಷೆ, ಅದು ಇರಲಿ. ಊಟ ಬಡಿಸಿದ ಮನೆಯಾಕೆ, ಅವರೆ ತಮ್ಮದೇ ಹೊಲದಲ್ಲಿ ರಾಗಿಯ ನಡುನಡುವೆ ಹಾಕಿದ ಅಕ್ಕಡಿ ಸಾಲಿನದು ಎಂದರು. "ಅಕ್ಕಡಿ ಹಾಕಿದ್ ಹೊಲ ಮುಂದಿನ್ ವರ್ಸಕ್ಕೂ ಹದವಾಗಿರ್ತದೆ ಕಣಪ್ಪ. ಯಾಕೆ ಅಂತ ನಮ್ಗೇನ್ ಗೊತ್ತು, ನಮ್ಮತ್ತೆ ಹಾಕೋರು, ನಾವೂ ಹಾಕ್ತೀವಿ." ಕಾರಣ ಅವರೆಯ ಬೇರಿನ ಗಂಟುಗಳಲ್ಲಿದೆ. ಕಾರ್ಖಾನೆ ಇಷ್ಟು ಕಷ್ಟಪಟ್ಟು ಮಾಡುವ ಕೆಲಸವನ್ನು ಅಲ್ಲಿನ ಬ್ಯಾಕ್ಟೀರಿಯಾಗಳು ಸದ್ದಿಲ್ಲದೆ ಮಾಡುತ್ತವೆ.

ಹೇಮಾವತಿ ಹೊಳೆ ಈ ಊರಿಗೆ ತಾಗಿ ಹರಿಯುವುದಿಲ್ಲ. ಗದ್ದೆಯಿಂದ ತಪ್ಪಿಸಿಕೊಂಡ ಸಾರಜನಕ ಹೊಳೆ ಸೇರುವ ಜಾಗ ನೋಡಬೇಕೆಂದರೆ ಹೇಮಗಿರಿಗೆ ಹೋಗಿ ಎಂದರು ಸ್ಕೂಟರಿನವರು. "ಜಾತ್ರೆನೂ ಐತೆ, ದನ ನೋಡ್ಕೊಂಡು ಬನ್ನಿ."

ಹೇಮಗಿರಿಯ ದನಗಳ ಜಾತ್ರೆ ರಥಸಪ್ತಮಿಯ ಸುಮಾರಿಗೆ ಸೇರುತ್ತದೆ. ಬೆಟ್ಟದ ಮೇಲೆ ವೆಂಕಟರಮಣ, ಕೆಳಗೆ ಹೇಮಾವತಿ, ಅಡ್ಡಕ್ಕೆ ಹಳೆಯ ಕಟ್ಟೆ. ಆ ದಡದುದ್ದಕ್ಕೂ ಹಳ್ಳಿಕಾರ್ ಎತ್ತುಗಳ ಸಾಲು. ಕೊಂಬಿಗೆ ಕಳಸ ಹಾಕಿ, ಗಂಗೆದೊಗಲು ನೀವುತ್ತ ಕೂತ ಯಜಮಾನರು. ಟವೆಲಿನಡಿ ಬೆರಳು ಹಿಡಿದು ನಡೆಯುವ ವ್ಯಾಪಾರ. ಹುರುಳಿ ಬೇಯುವ ಹೊಗೆ. ಬೆಳಗಿನ ಹೊತ್ತು ಆ ಬಯಲಿಗೆ ಇಳಿದರೆ ಮೊದಲು ತಾಗುವುದು ಗಂಜಲದ ಘಾಟು. ಮೂಗಿಗೆ ಹೊಡೆಯುವುದು ಅಮೋನಿಯಾ. ಗಂಜಲದಲ್ಲಿರುವುದೂ ಯೂರಿಯಾವೇ, ಸ್ಕೂಟರಿನ ಮುಂದೆ ಬಂದ ಚೀಲದಲ್ಲಿದ್ದುದೂ ಅದೇ. ಇಷ್ಟು ದನಗಳ ಗಂಜಲ ಹೊಳೆಯ ದಡದ ಮೇಲೆಯೇ ಇಂಗುತ್ತದೆ. ಸಗಣಿಯನ್ನಾದರೂ ಜನ ಬಾಚಿ ಗಾಡಿಗೆ ತುಂಬುತ್ತಾರೆ, ಗಂಜಲವನ್ನು ಯಾರು ಬಾಚುತ್ತಾರೆ?

ಜಾತ್ರೆಯ ಗದ್ದಲ ದಾಟಿ ಕಟ್ಟೆಯ ಮೇಲ್ಭಾಗಕ್ಕೆ ನಡೆದರೆ ಹೊಂಗೆ, ಹೊಳೆಮತ್ತಿ, ನೇರಳೆ ಮರಗಳು ಉಳಿದಿರುವ ದಡ. ಒಂದು ಕಡೆ ಹೊಳೆ ಕೊರೆದು ದಡದ ಮಣ್ಣು ಆಳೆತ್ತರಕ್ಕೆ ಸೀಳಿ ನಿಂತಿತ್ತು. ನಾನು ಅಲ್ಲೇ ಕುಕ್ಕರಗಾಲಲ್ಲಿ ಕೂತೆ.

ಮೇಲೆ ಒಂದು ಗೇಣು ಕಪ್ಪು ಮಿಶ್ರಿತ ಕಂದು, ಕೊಳೆತ ಹೊಂಗೆ ಎಲೆಯ ಪುಡಿ, ಎರೆಹುಳದ ಹಿಕ್ಕೆ. ಅದರ ಕೆಳಗೆ ಕೆಂಚು ಬಣ್ಣದ ಗೋಡು. ಮೊಣಕಾಲಿನ ಮಟ್ಟಕ್ಕೆ ಬರುವಾಗ ಮಣ್ಣು ಬೂದಿಯ ಬಣ್ಣಕ್ಕೆ ತಿರುಗಿತ್ತು. ಅದರೊಳಗೆ ಬೇರು ಹೋದ ದಾರಿಗಳಗುಂಟ ತುಕ್ಕಿನ ಕೆಂಪು ಗೆರೆಗಳು. ಒಂದು ಚಿಟಿಕೆ ತೆಗೆದು ಹೆಬ್ಬೆರಳಿನಿಂದ ಒತ್ತಿದರೆ ಮುರಿಯದೆ ನಾಲಗೆಯ ಹಾಗೆ ಉದ್ದಕ್ಕೆ ಬಂತು. ಜೇಡಿಯ ಅಂಶ ಹೆಚ್ಚು. ಮೂಗಿಗೆ ಹಿಡಿದರೆ ಮೊಟ್ಟೆ ಕೊಳೆತ ನಸುವಾಸನೆ. ಆ ಬೂದು ಬಣ್ಣವೆಂದರೆ ಅಲ್ಲಿ ವರ್ಷದ ಹೆಚ್ಚು ಕಾಲ ನೀರು ನಿಂತು ಗಾಳಿಯಾಡಿಲ್ಲ ಎಂಬುದಕ್ಕೆ ಮಣ್ಣಿನಲ್ಲಿರುವ ಕಬ್ಬಿಣವೇ ಹೇಳುವ ಸಾಕ್ಷಿ. ತುಕ್ಕಿನ ಗೆರೆ ಎಂದರೆ ಬೇರು ತನ್ನ ಸುತ್ತ ಒಂದಿಷ್ಟು ಗಾಳಿ ಇಳಿಸಿತ್ತು ಎಂಬುದಕ್ಕೆ. ಮೇಲೆ ಗಾಳಿ, ಕೆಳಗೆ ಉಸಿರುಗಟ್ಟು, ನಡುನಡುವೆ ಬೇರಿನ ಕಿಂಡಿ, ತಿನ್ನಲಿಕ್ಕೆ ಕೊಳೆತ ಎಲೆ. ಸಾರಜನಕ ನೈಟ್ರೇಟಾಗಿ, ಆಮೇಲೆ ಅನಿಲವಾಗಿ ಹೋಗುವುದಕ್ಕೆ ಬೇಕಾದ ಎಲ್ಲ ಏರ್ಪಾಡೂ ಆ ಒಂದು ಸೀಳಿನಲ್ಲಿತ್ತು.

ಗದ್ದೆಯಲ್ಲಿ ರೈತನ ದುಡ್ಡು ಕಳೆಯುವ ಗುಣವೇ ಹೊಳೆಯ ದಡದಲ್ಲಿ ನೀರನ್ನು ಕಾಯುತ್ತದೆ. ಮಣ್ಣು ಒಂದೇ, ಕೆಲಸವೂ ಒಂದೇ. ಎಲ್ಲಿ ನಡೆಯುತ್ತದೆ ಎಂಬುದರ ಮೇಲೆ ನಷ್ಟವೋ ಲಾಭವೋ ಎಂಬುದು ತೀರ್ಮಾನ. ಜೇಡಿಯ ಕಣಗಳಿಗೆ ಇರುವುದು ಋಣ ವಿದ್ಯುದಂಶ. ಅಮೋನಿಯಂ ಧನ, ಅದನ್ನು ಜೇಡಿ ಹಿಡಿದುಕೊಳ್ಳುತ್ತದೆ. ನೈಟ್ರೇಟ್ ತಾನೂ ಋಣ, ಅದಕ್ಕೆ ಅಲ್ಲಿ ಆಸರೆಯಿಲ್ಲ. ನೀರು ಹೋದಲ್ಲಿಗೆ ಹೋಗುತ್ತದೆ. ಗದ್ದೆಯ ಅಡಿಯಿಂದ ಬಸಿದ ನೀರು ಹೊಳೆ ಸೇರುವ ಮುನ್ನ ಇಂಥ ದಡದ ಮಣ್ಣಿನಲ್ಲಿ ತಡೆದು ತಡೆದು ಹಾದರೆ ಮಾತ್ರ ಅದನ್ನು ತೆಗೆಯಲು ಸಮಯ ಸಿಗುತ್ತದೆ. ಅಮೆರಿಕದ ಮೇರಿಲ್ಯಾಂಡಿನಲ್ಲಿ ಪೀಟರ್‌ಜಾನ್ ಮತ್ತು ಕೋರೆಲ್ ಎಂಬ ಇಬ್ಬರು 1984ರಲ್ಲಿ ಪ್ರಕಟಿಸಿದ ಅಧ್ಯಯನ ಈ ವಿಷಯದಲ್ಲಿ ಹೆಸರಾದದ್ದು. ಮೆಕ್ಕೆಜೋಳದ ಹೊಲ, ಅದರ ಕೆಳಗೆ ಹಳ್ಳದ ಕಾಡಿನ ಪಟ್ಟಿ. ಒಳಬಂದ ಸಾರಜನಕದಲ್ಲಿ ಹೊಲ ಉಳಿಸಿಕೊಂಡದ್ದು ಶೇಕಡ 8, ಕಾಡಿನ ಪಟ್ಟಿ ತಡೆದದ್ದು ಶೇಕಡ 89.

ಕಟ್ಟೆಯ ಕೆಳಗಿನ ದಡ ಬೇರೆಯೇ ಥರ. ಅಲ್ಲಿಯೂ ಹೊಂಗೆ ಇದೆ, ನೆರಳೂ ಇದೆ. ಆದರೆ ಕಾಲಡಿ ಹೆಚ್ಚಿನದು ಮರಳು. ಗುಂಡಿಯಲ್ಲಿ ಒಂದು ಚೊಂಬು ನೀರು ಸುರಿದರೆ ಎಣಿಸುವಷ್ಟರಲ್ಲಿ ಕಾಣೆ. ನೀರು ಇಷ್ಟು ಅವಸರದಲ್ಲಿ ಇಳಿದರೆ ಬ್ಯಾಕ್ಟೀರಿಯಾಗಳಿಗೆ ಹಿಡಿಯಲು ಪುರುಸೊತ್ತೆಲ್ಲಿ? ಹೊಳೆದಡಕ್ಕೆ ಗಿಡ ನೆಟ್ಟರೆ ನೀರು ಶುದ್ಧ ಎಂದು ಭಾಷಣಗಳಲ್ಲಿ ಕೇಳುತ್ತೇವೆ. ಗಿಡ ನೆಡುವುದು ಒಳ್ಳೆಯದೇ, ನೆಡಲಿ. ಆದರೆ ಅದೇ ಹೊಂಗೆ ಜೇಡಿಯ ಮೇಲೆ ನಿಂತಾಗ ಒಂದು ಕೆಲಸ, ಮರಳಿನ ಮೇಲೆ ನಿಂತಾಗ ಇನ್ನೊಂದು. ಮಣ್ಣು ನೋಡದೆ ಸಸಿಗಳ ಸಂಖ್ಯೆ ಹೇಳಿ ಚಪ್ಪಾಳೆ ಹೊಡೆಸಿಕೊಳ್ಳುವುದು ನನಗೆ ಒಗ್ಗುವುದಿಲ್ಲ.

ಹೊಂಗೆಯ ಮಾತು ಬಂದಾಗ ಎತ್ತಿನ ಯಜಮಾನರೊಬ್ಬರು ಸೇರಿಕೊಂಡರು. ಅವರ ಅಪ್ಪನ ಕಾಲದಲ್ಲಿ ಹೊಳೆದಂಡೆಯ ಹೊಂಗೆ ಸವರಿ ಗಾಡಿಗಟ್ಟಲೆ ಸೊಪ್ಪು ಗದ್ದೆಗೆ ತುಳಿಯುತ್ತಿದ್ದರಂತೆ. ಹೊಂಗೆ ಅವರೆಯ ಕುಲದ್ದೇ ಮರ, ಅದರ ಬೇರಿಗೂ ಗಂಟು ಕಟ್ಟುತ್ತದೆ, ಎಲೆಯಲ್ಲಿ ಸಾರಜನಕ ಧಾರಾಳ. ಅದರ ಹಿಂಡಿಯದು ಇನ್ನೂ ಸೊಗಸು. ಹೊಂಗೆ ಬೀಜದಲ್ಲಿರುವ ಕರಂಜಿನ್ ಎಂಬ ವಸ್ತು ಮಣ್ಣಿನಲ್ಲಿ ಅಮೋನಿಯಂ ನೈಟ್ರೇಟಾಗುವುದನ್ನೇ ನಿಧಾನಿಸುತ್ತದೆ ಎಂದು ನಮ್ಮ ದೇಶದ ವಿಜ್ಞಾನಿಗಳು 1970ರ ದಶಕದಲ್ಲಿ ತೋರಿಸಿದರು. 2015ರಿಂದ ಯೂರಿಯಾಕ್ಕೆಲ್ಲ ಬೇವಿನೆಣ್ಣೆ ಲೇಪಿಸುತ್ತಿರುವುದರ ಹಿಂದಿರುವ ಉಪಾಯವೂ ಇದೇ. "ಹಿಂಡಿ ಹಾಕಿದ್ರೆ ಗೊಬ್ಬರ ತಡೀತದೆ ಅಂತ ನಮ್ಮಪ್ಪ ಅಂತಿದ್ರು," ಎಂದ ಯಜಮಾನರು ಎತ್ತಿನ ಬಾಯಿ ಬಿಡಿಸಿ ಗಿರಾಕಿಗೆ ಹಲ್ಲು ತೋರಿಸಲು ಎದ್ದುಹೋದರು.

ಅಲ್ಲಿಂದ ಅಕ್ಕಿಹೆಬ್ಬಾಳಿನ ಕಡೆಗೆ, ಹೊಳೆಯನ್ನು ಬಲಕ್ಕೂ ಎಡಕ್ಕೂ ಬಿಡುತ್ತ ಹಿಡಿಯುತ್ತ. ಹೇಮಾವತಿ ಮುಂದೆ ಕೃಷ್ಣರಾಜಸಾಗರದ ಹಿನ್ನೀರಿಗೆ ಸೇರುವವಳು. ದಾರಿಯಲ್ಲಿ ಮರದ ಪಟ್ಟಿ ಸಣ್ಣಗಾಗುತ್ತ ಹೋಗಿ, ಕೆಲವೆಡೆ ಕಬ್ಬಿನ ಸಾಲು ನೇರ ನೀರಿನ ಅಂಚಿಗೇ ಮುಟ್ಟಿತ್ತು. ಪಟ್ಟಿ ಉಳಿದ ಕಡೆಗಳಲ್ಲೂ ಒಂದು ವಿಷಯ ಕಣ್ಣಿಗೆ ಚುಚ್ಚಿತು: ಗದ್ದೆಯ ಬಸಿಗಾಲುವೆ. ಜೌಗು ಹಿಡಿಯದಿರಲೆಂದು ತೋಡಿದ ಕಾಲುವೆ ಮರಗಳ ನಡುವೆ ಸೀಳಿಕೊಂಡು ಸೀದಾ ಹೊಳೆಗೆ ಬೀಳುತ್ತದೆ. ದಡದ ಮಣ್ಣಿಗೆ ಆ ನೀರು ಮುಟ್ಟುವುದೇ ಇಲ್ಲ. ಬಾಗಿಲಲ್ಲಿ ಕಾವಲುಗಾರನಿದ್ದಾನೆ, ಆದರೆ ಬಂದವರೆಲ್ಲ ಕಿಟಕಿಯಿಂದ ಇಳಿಯುತ್ತಿದ್ದಾರೆ. ಮಂಡ್ಯದ ನೀರಾವರಿ ಸೀಮೆಯಲ್ಲಿ ಜೌಗು, ಚೌಳು ಎರಡೂ ನಿಜವಾದ ಕಷ್ಟಗಳು. ಕಾಲುವೆ ತೋಡಬೇಡಿ ಎಂದು ದಾರಿಹೋಕ ಹೇಳಿದರೆ ಗುದ್ದಲಿ ಹಿಡಿದವರು ನಗುತ್ತಾರೆ.

ಹೊಳೆಯ ಪಾತ್ರದಲ್ಲಿ ಮರಳು ತೆಗೆದ ಹಳೆಯ ಗುಂಡಿಗಳೂ ಕಂಡವು. ಪಾತ್ರ ಆಳವಾದಷ್ಟೂ ದಡದೊಳಗಿನ ನೀರಿನ ಮಟ್ಟ ಇಳಿಯುತ್ತದೆ. ಹೇಮಗಿರಿಯ ಸೀಳಿನಲ್ಲಿ ಕಂಡ ಬೂದುಮಣ್ಣಿನ ಪದರ ಒಣಗುತ್ತದೆ, ಅಲ್ಲಿ ಗಾಳಿಯಾಡುತ್ತದೆ, ಕೆಲಸ ನಿಲ್ಲುತ್ತದೆ. ನೈಟ್ರೇಟ್ ತುಂಬಿದ ನೀರು ಬೇರಿಗೂ ಎಲೆಗೊಬ್ಬರಕ್ಕೂ ಎಟುಕದ ಆಳದಲ್ಲಿ ಹಾದುಹೋಗುತ್ತದೆ. ಅಮೆರಿಕದ ಬಾಲ್ಟಿಮೋರ್ ನಗರದ ಹಳ್ಳಗಳಲ್ಲಿ ಪೀಟರ್ ಗ್ರಾಫ್‌ಮನ್ ಮತ್ತು ಸಂಗಡಿಗರು ಕಂಡದ್ದೂ ಇದನ್ನೇ: ಹಳ್ಳ ಕೊರೆದು ಆಳವಾದ ಕಡೆ ದಡದ ಕಾಡು ನಿಂತಿತ್ತು, ಮಣ್ಣು ಮಾತ್ರ ಒಣಗಿ ಸಾರಜನಕದ ತಂಟೆ ಬಿಟ್ಟಿತ್ತು. ಮೇಲಿನಿಂದ ನೋಡಿದವರಿಗೆ ಹಸಿರು ಪಟ್ಟಿ ಹಾಗೇ ಇದೆ ಎನಿಸುತ್ತದೆ. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದು ಎಂದು ನಮ್ಮ ದೇಶದ ಮಾನದಂಡ. ಆ ಮಿತಿಗೂ ದಡದ ಬೂದುಮಣ್ಣಿಗೂ ಇರುವ ನಂಟನ್ನು ಬೋರ್‌ವೆಲ್ ಕೊರೆಸುವವರಿಗೆ ಯಾರೂ ಹೇಳುವುದಿಲ್ಲ.

ಕೃಷ್ಣರಾಜಸಾಗರ ದಾಟಿ ರಂಗನತಿಟ್ಟಿಗೆ ಬಂದಾಗ ಹಕ್ಕಿಗಳ ಸಂಸಾರದ ಹೊತ್ತು. ಕಾವೇರಿಗೆ 1645 ಮತ್ತು 1648ರ ನಡುವೆ ಅಡ್ಡಕಟ್ಟೆ ಕಟ್ಟಿದ ಮೇಲೆ ಮೂಡಿದ ನಡುಗಡ್ಡೆಗಳಿವು. ಪಕ್ಷಿತಜ್ಞ ಸಲೀಂ ಅಲಿಯವರ ಒತ್ತಾಯದಿಂದ 1940ರಲ್ಲಿ ಪಕ್ಷಿಧಾಮವಾಯಿತು, 2022ರಲ್ಲಿ ಜೌಗುನೆಲಗಳ ರಾಮ್ಸಾರ್ ಪಟ್ಟಿಗೂ ಸೇರಿತು. ದೋಣಿ ನಡುಗಡ್ಡೆಯ ಹತ್ತಿರ ಸರಿದಾಗ ಹೊಳೆಮತ್ತಿಯ ಎಲೆಗಳು ಸುಣ್ಣ ಬಳಿದಂತೆ ಬೆಳ್ಳಗಿದ್ದವು. ಮೇಲೆ ಬಣ್ಣದ ಕೊಕ್ಕರೆ, ಹೆಜ್ಜಾರ್ಲೆ, ನೀರುಕಾಗೆ. ಪಕ್ಕದ ಮರದಲ್ಲಿ ತಲೆಕೆಳಗಾದ ಬಾವಲಿಗಳು. ಬಂಡೆಯ ಮೇಲೆ ಬಾಯಿ ತೆರೆದ ಮೊಸಳೆ. ಘಾಟು ಮತ್ತೆ ಅದೇ, ಹೇಮಗಿರಿಯ ಬೆಳಗಿನದ್ದು. ಹಕ್ಕಿಯ ಹಿಕ್ಕೆಯ ಬಿಳಿ ಭಾಗ ಯೂರಿಕ್ ಆಮ್ಲ. ಅದು ಮಣ್ಣಿನಲ್ಲಿ ಒಡೆದು ಅಮೋನಿಯಾ ಆಗುತ್ತದೆ. ಗದ್ದೆಯಿಂದ ಹೊಳೆಗೆ ಇಳಿದ ಸಾರಜನಕ ಪಾಚಿಯಾಗಿ, ಮೀನಾಗಿ, ಹಕ್ಕಿಯ ಹೊಟ್ಟೆ ಸೇರಿ ಮತ್ತೆ ಮರದ ಬುಡಕ್ಕೆ ಬೀಳುವ ದಾರಿಯಿದು. "ಜಾಸ್ತಿ ಹಕ್ಕಿ ಕೂತ ಮರ ಸೊರಗ್ತದೆ ಸಾರ್," ಎಂದರು ದೋಣಿಯವರು. "ಡ್ಯಾಮಿಂದ ನೀರು ಬುಟ್ಟಾಗ ಗಡ್ಡೆ ಎಲ್ಲ ತೊಳ್ಕೊಂಡೋಯ್ತದೆ. ಆಗ ಮರ ಚಿಗುರ್ತವೆ." ಇದೇ ಜಿಲ್ಲೆಯ ಕೊಕ್ಕರೆ ಬೆಳ್ಳೂರಿನಲ್ಲಿ ಜನ ಹುಣಸೆ ಮರದಡಿ ಗುಂಡಿ ತೋಡಿ ಹಿಕ್ಕೆ ಕೂಡಿಸಿ ಹೊಲಕ್ಕೆ ಹಾಕುತ್ತಾರೆ. ಅಲ್ಲಿ ಆ ಸಾರಜನಕ ಊರಿನ ಆಸ್ತಿ. ಇಲ್ಲಿ ಹೊಳೆಯ ಪಾಲು.

ಶ್ರೀರಂಗಪಟ್ಟಣದಲ್ಲಿ ನೋಡಬೇಕಾದದ್ದು ಬಹಳ. ನಾನು ನಿಂತದ್ದು ಟಿಪ್ಪುವಿನ ಮದ್ದಿನ ಮನೆಯ ಎದುರು. ರೈಲಿನ ಜೋಡಿಹಳಿಗೆ ಅಡ್ಡ ಬಂತೆಂದು 2017ರಲ್ಲಿ ಇಡೀ ಕಟ್ಟಡವನ್ನೇ ಎತ್ತಿ ನೂರು ಮೀಟರಿಗೂ ಹೆಚ್ಚು ದೂರ ಸರಿಸಿದರಲ್ಲ, ಅದೇ. ಸಿಡಿಮದ್ದಿನ ಜೀವ ಪೆಟ್ಲುಪ್ಪು, ಪೆಟ್ಲುಪ್ಪೆಂದರೆ ನೈಟ್ರೇಟ್. ಇಂಗ್ಲಿಷರನ್ನು ಬೆಚ್ಚಿಸಿದ ಮೈಸೂರಿನ ರಾಕೆಟ್ಟುಗಳು ಹಾರಿದ್ದು ಅದರ ಬಲದಿಂದ. ನಮ್ಮ ಹಳ್ಳಿಗಳಲ್ಲಿ ಉಪ್ಪಾರರು ಉಪ್ಪನ್ನೂ ಪೆಟ್ಲುಪ್ಪನ್ನೂ ಮಣ್ಣಿನಿಂದಲೇ ತೆಗೆಯುತ್ತಿದ್ದರು. ದನದ ಗಂಜಲ ವರ್ಷಗಟ್ಟಲೆ ಇಂಗಿದ ಹಟ್ಟಿಯ ಒಣಮಣ್ಣನ್ನು ನೀರಲ್ಲಿ ಕದಡಿ, ಸೋಸಿ, ಕುದಿಸಿದರೆ ಹರಳು ಕಟ್ಟುತ್ತದೆ. ಮಣ್ಣು ಒಣಗಿ ಗಾಳಿಯಾಡುತ್ತಿದ್ದರೆ ನೈಟ್ರೇಟ್ ಅಲ್ಲೇ ಕೂಡಿಕೊಳ್ಳುತ್ತದೆ, ಹಳೆಯ ಗೋಡೆಗಳ ಬುಡದಲ್ಲಿ ಬಿಳಿಯ ಹೊಪ್ಪಳಿಕೆಯಾಗಿ ಏಳುತ್ತದೆ. ಜಾತ್ರೆಯ ದನಗಳ ಗಂಜಲ ಒಣಹಟ್ಟಿಯಲ್ಲಿ ಬಿದ್ದರೆ ಸಿಡಿಮದ್ದಾಗಬಲ್ಲದು. ಹೊಳೆಯ ಜೌಗಿನಲ್ಲಿ ಬಿದ್ದರೆ ಯಾರಿಗೂ ಕಾಣದೆ ಗಾಳಿಗೆ ಸೇರುತ್ತದೆ.

ಗಾಳಿಗೆ ಸೇರುವುದರಲ್ಲೂ ಒಂದು ತಕರಾರಿದೆ. ಎಲ್ಲವೂ ನಿರಪಾಯ ಸಾರಜನಕವಾಗಿ ಹೋಗುವುದಿಲ್ಲ. ಒಂದು ಪಾಲು ಅರ್ಧದಾರಿಯಲ್ಲೇ ನೈಟ್ರಸ್ ಆಕ್ಸೈಡ್ ಆಗಿ ತಪ್ಪಿಸಿಕೊಳ್ಳುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 270 ಪಟ್ಟು ಭೂಮಿಯನ್ನು ಬಿಸಿ ಮಾಡುವ ಅನಿಲ. ಮಣ್ಣು ಹುಳಿಯಾದಷ್ಟೂ ಈ ಪಾಲು ಹೆಚ್ಚು. ಇಲ್ಲೇ ನನಗೆ ಮನೆಯ ನೆನಪಾದದ್ದು. ಮಂಡ್ಯದ ಕಡೆಯ ಮೆಕ್ಕಲು ಮಣ್ಣು ಹುಳಿಯ ಕಡೆಗೆ ಅಷ್ಟಾಗಿ ವಾಲುವುದಿಲ್ಲ. ತುಂಗೆಯ ದಡದ ನಮ್ಮ ಕೆಂಪುಮಣ್ಣು ಮಳೆಗೆ ತೊಳೆದು ತೊಳೆದು ಸುಣ್ಣವೆಲ್ಲ ಕಳೆದುಕೊಂಡು ಹುಳಿ ಹಿಡಿದದ್ದು. ನಮ್ಮಲ್ಲಿ ಮಳೆಯಿದೆ, ಕಾಡಿದೆ, ಸೊಪ್ಪಿನಬೆಟ್ಟವಿದೆ ಎಂಬ ಮಲೆನಾಡಿನವರ ಬೀಗುವಿಕೆ ನನ್ನಲ್ಲೂ ಸಾಕಷ್ಟಿತ್ತು. ಹೇಮಗಿರಿಯ ಆ ಆಳೆತ್ತರದ ಸೀಳಿನಲ್ಲಿದ್ದ ಜೇಡಿ ನಮ್ಮ ದಡದಲ್ಲಿದೆಯೇ ಎಂದು ಅದುವರೆಗೆ ಬಗ್ಗಿ ನೋಡಿರಲಿಲ್ಲ.

ಊರಿಗೆ ಬಂದವನು ತೋಟದ ಕೆಳಗಿನ ತುಂಗೆಯ ದಂಡೆಯಲ್ಲಿ ಹಾರೆ ಹಾಕಿದೆ. ಎರಡಡಿಗೆ ಬೂದುಮಣ್ಣು ಸಿಕ್ಕಿತು, ತುಕ್ಕಿನ ಗೆರೆಗಳೂ ಸಿಕ್ಕವು. ಅದರ ಪಕ್ಕದಲ್ಲೇ ನಮ್ಮ ಅಡಿಕೆ ತೋಟದ ಬಸಿಗಾಲುವೆ, ಅಜ್ಜ ತೋಡಿಸಿದ್ದು, ದಂಡೆಯ ಮರಗಳನ್ನು ಸೀಳಿ ನೇರ ಹೊಳೆಗೆ. ಅಕ್ಕಿಹೆಬ್ಬಾಳಿನ ಕಡೆ ನೋಡಿದ್ದಕ್ಕೂ ಇದಕ್ಕೂ ಒಂದಿಂಚೂ ವ್ಯತ್ಯಾಸವಿಲ್ಲ.

ಕಾಲುವೆಯನ್ನು ಮರದ ಪಟ್ಟಿಯ ಮೇಲಂಚಿನಲ್ಲೇ ನಿಲ್ಲಿಸಿ ನೀರನ್ನು ಅಡ್ಡಕ್ಕೆ ಹರಡೋಣ ಎಂದು ಅಣ್ಣನಿಗೆ ಹೇಳಿದೆ. ಗದ್ದೆ, ಗಂಜಲ, ಪೆಟ್ಲುಪ್ಪು ಎಲ್ಲವನ್ನೂ ಹೇಳಿದೆ. ಅವನು ಕವಳ ಉಗಿದು ಬಂದು ಕಾಲುವೆಯನ್ನೂ ನನ್ನನ್ನೂ ಒಂದೊಂದು ಸಲ ನೋಡಿದ. "ಎಂತ ಮಾರಾಯ, ನೀರು ಹಿಂದೆ ಒತ್ತಿ ಬುಡದಲ್ಲಿ ನಿಂತರೆ ಅಡಿಕೆ ಬೇರು ಕೊಳೀತದೆ, ಆಗ ನಿನ್ನ ಬ್ಯಾಕ್ಟೀರಿಯಾ ಬಂದು ಕೊನೆ ಕೊಯ್ತದಾ?" ಎಂದ. ಆಮೇಲೆ, ಇರುವ ಕಾಲುವೆಗಳಲ್ಲಿ ತೀರಾ ಕೆಳಗಿನದೊಂದನ್ನು ತೋರಿಸಿ, ಈ ಮಳೆಗಾಲ ಬೇಕಾದರೆ ಅದೊಂದಕ್ಕೆ ಮಾಡಿ ನೋಡು, ಕೆಳಸಾಲಿನ ಮರ ಹಳದಿ ತಿರುಗಿದರೆ ಮತ್ತೆ ತೋಡುವ ಕೂಲಿ ನಿನ್ನದೇ ಎಂದ.